ತಲೆಯ ಮೇಲಿನ ಎರಡು ಗೀಟು

ಮೊದಮೊದಲು ನಾವು ಒತ್ತಿದ ಅಕ್ಷರಗಳಲ್ಲಿ ಅರ್ಧದಷ್ಟು ಜಪಾನಿಗೆ ತಲುಪಲೇ ಇಲ್ಲ. ತಲುಪಿದ ಅರ್ಧವೂ ನಾವು ಕಳಿಸಿದ ರೂಪದಲ್ಲಿ ಇರಲಿಲ್ಲ.

ಕೆಲಸ ಹೀಗಿತ್ತು. ಜಪಾನಿನ ಒಂದು ನದಿದಂಡೆಯ ಪಟ್ಟಣಕ್ಕೆ ಪ್ರವಾಹ ಬಂದುಹೋದ ಮೇಲೆ, ಕೆಸರಿನಲ್ಲಿ ಸಿಕ್ಕ ಫೋಟೊಗಳನ್ನು ಅಲ್ಲಿಯ ಜನ ಆಯ್ದು, ತೊಳೆದು, ಒಣಗಿಸಿ, ಎರಡೂ ಬದಿ ಸ್ಕ್ಯಾನ್ ಮಾಡಿ ಇಟ್ಟಿದ್ದರು. ಕಳೆದುಕೊಂಡವರು ಊರಿನ ಸಭಾಂಗಣಕ್ಕೆ ಬಂದು, ಅಲ್ಲಿಟ್ಟ ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, ತಮ್ಮ ಫೋಟೊ ಗುರುತಿಸಿ ಒಯ್ಯಬಹುದು. ಹುಡುಕಿದರೆ ಸಿಗಬೇಕಲ್ಲ, ಅದಕ್ಕಾಗಿ ಫೋಟೊದ ಬೆನ್ನಿಗೆ ಯಾರೋ ಎಂದೋ ಬರೆದಿಟ್ಟ ಹೆಸರು, ಊರು, ಇಸವಿಗಳನ್ನು ಟೈಪ್ ಮಾಡಬೇಕಿತ್ತು. ಕೈಯಿಂದ ಕೈಗೆ ಬದಲಾಗುತ್ತ ಆ ಕೆಲಸ ಜೇವರ್ಗಿಯಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿದ್ದ ನಮ್ಮ ಟೈಪಿಂಗ್ ಆಫೀಸಿಗೆ ಬಂದಿತ್ತು.

ನಾವು ಮೂವರು. ನನ್ನ ಊರು ಅಫಜಲಪುರ ತಾಲ್ಲೂಕಿನ ಮಣ್ಣೂರ. ಪುಣೆಯಲ್ಲಿ ಎರಡು ವರ್ಷ ಜಪಾನಿ ಕಲಿತಿದ್ದರಿಂದ ಜವಾಬ್ದಾರಿ ನನ್ನ ಮೇಲೆ ಬಿದ್ದಿತ್ತು. ಎರಡನೆಯವಳು ದಿನಾ ನೆಲೋಗಿಯಿಂದ ಬಸ್ಸಿಗೆ ಬರುವ ಹುಡುಗಿ, ಬೆರಳು ಬಲು ಚುರುಕು. ಮೂರನೆಯವರು ಆಳಂದದಿಂದ ಜೇವರ್ಗಿಗೆ ಸೊಸೆಯಾಗಿ ಬಂದವರು, ಇಪ್ಪತ್ತು ವರ್ಷ ಕೋರ್ಟಿನ ಮುಂದೆ ಕೂತು ಅರ್ಜಿ ಟೈಪ್ ಮಾಡಿದವರು. ಅವರನ್ನು ಎಲ್ಲರೂ ಆಳಂದದ ಅಕ್ಕ ಅಂತಲೇ ಕರೆಯುತ್ತಿದ್ದೆವು.

ಜಪಾನಿನಲ್ಲಿ ಹೆಸರುಗಳನ್ನು ಚಿತ್ರದಂಥ ಅಕ್ಷರಗಳಲ್ಲಿ ಬರೆಯುತ್ತಾರೆ. ಒಂದೇ ಚಿತ್ರವನ್ನು ಎರಡು ಮೂರು ರೀತಿ ಓದಬಹುದು. ಹೀಗಾಗಿ ಫಾರ್ಮಿನಲ್ಲಿ ಹೆಸರಿನ ಕೆಳಗೇ ಇನ್ನೊಂದು ಖಾನೆ ಇತ್ತು. ಹೆಸರು ಬಾಯಲ್ಲಿ ಹೇಗೆ ಬರುತ್ತದೋ ಹಾಗೆ, ಕಟಾಕಾನಾ ಎಂಬ ಉಚ್ಚಾರದ ಅಕ್ಷರಗಳಲ್ಲಿ ಅದನ್ನು ತುಂಬಬೇಕು. ಹುಡುಕಾಟ ನಡೆಯುವುದು ಆ ಖಾನೆಯ ಮೇಲೆ. ಕಟಾಕಾನಾ ನಮ್ಮ ಕಾಗುಣಿತಕ್ಕಿಂತ ಸುಲಭ, ಎರಡು ತಿಂಗಳಲ್ಲಿ ಇಬ್ಬರಿಗೂ ಕಲಿಸಿದ್ದೆ. ಚಿತ್ರದ ಅಕ್ಷರಗಳನ್ನು ನಾನು ಬರೆದು ಓದಿ ಹೇಳುವುದು, ಅದನ್ನು ಕೇಳಿ ಉಚ್ಚಾರದ ಖಾನೆಯನ್ನು ಅವರಿಬ್ಬರು ತುಂಬುವುದು ಅಂತ ಹಂಚಿಕೊಂಡೆವು.

ಇವು ಜನರ ಮನೆಯ ಫೋಟೊ. ಆದ್ದರಿಂದ ಒಂದೂ ನಮ್ಮ ಕಂಪ್ಯೂಟರಿಗೆ ಇಳಿಯಕೂಡದು ಎಂಬ ಕಟ್ಟುನಿಟ್ಟು ಇತ್ತು. ಬೆಳಿಗ್ಗೆ ಬಂದು ಬ್ರೌಸರ್ ತೆರೆದು ಪಾಸ್‌ವರ್ಡ್ ಕೊಟ್ಟರೆ, ಆ ಸಭಾಂಗಣದಲ್ಲಿದ್ದ ಒಂದೊಂದು ಕಂಪ್ಯೂಟರಿನ ಪರದೆ ನಮ್ಮ ಒಬ್ಬೊಬ್ಬರ ಬ್ರೌಸರಿನೊಳಗೆ ತೆರೆದುಕೊಳ್ಳುತ್ತಿತ್ತು. ಇಲ್ಲಿ ಕೀ ಒತ್ತಿದರೆ ಅಕ್ಷರ ಅಲ್ಲಿ ಮೂಡಬೇಕು. ಇಲ್ಲಿಂದ ಕಾಪಿ ಮಾಡಿ ಅಲ್ಲಿ ಅಂಟಿಸುವ ದಾರಿಯನ್ನೂ ಮುಚ್ಚಿದ್ದರು.

ನಮ್ಮದು ಇಂಗ್ಲಿಷ್ ಅಕ್ಷರಗಳ ಮಾಮೂಲಿ ಕೀಬೋರ್ಡ್. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಸುತ್ತೇವಲ್ಲ, ಜಪಾನಿಗೂ ಅಂಥದೇ ಒಂದು ಪರಿವರ್ತಕ ಇರುತ್ತದೆ. ಅದನ್ನು ನಮ್ಮ ಮೂರೂ ಕಂಪ್ಯೂಟರಿಗೆ ಹಾಕಿಕೊಂಡಿದ್ದೆ. ಮೊದಲ ದಿನ ಬೇರೆ ಕಿಟಕಿಯಲ್ಲಿ ಪರೀಕ್ಷಿಸಿದಾಗ ಚೆನ್ನಾಗಿಯೇ ನಡೆಯಿತು. ಬ್ರೌಸರಿನೊಳಗೆ ಕಾಲಿಟ್ಟ ಕೂಡಲೇ ಕೆಟ್ಟಿತು. ‘ಸಾಕುರಾ’ ಎಂದು ಒತ್ತಿದರೆ ಪರದೆಯ ಮೂಲೆಯಲ್ಲಿ ಅಡಿಗೆರೆ ಎಳೆದ ಅಕ್ಷರಗಳು ಮಿಂಚಿ ಮಾಯವಾಗುತ್ತಿದ್ದವು. ಫಾರ್ಮಿನ ಖಾನೆಯಲ್ಲಿ ಒಂಟಿ ‘s’ ಒಂದೇ ಕೂತಿರುತ್ತಿತ್ತು.

“ಅಕ್ಕಾ, ನಾ ಬರೆದಿದ್ದು ಎಲ್ಲಿ ಹೊಂಟದ?” ನೆಲೋಗಿಯ ಹುಡುಗಿ ನನ್ನನ್ನು ಕೇಳಿದಳು.

ಅದನ್ನು ತಿಳಿಯಲು ಅರ್ಧ ದಿನ ಬೇಕಾಯಿತು. ಬ್ರೌಸರ್ ಆ ಕಡೆಗೆ ಅಕ್ಷರ ಕಳಿಸುವುದಿಲ್ಲ, ‘ಇಂಥ ಕೀ ಒತ್ತಿದರು, ಇಂಥ ಕೀ ಬಿಟ್ಟರು’ ಎಂಬ ಸುದ್ದಿಯನ್ನಷ್ಟೇ ಕಳಿಸುತ್ತದೆ. ನಮ್ಮ ಪರಿವರ್ತಕ ನಡುವೆ ನಿಂತು ಕೀಗಳನ್ನು ನುಂಗುತ್ತಿತ್ತು. ನುಂಗಿ ತಯಾರಿಸಿದ ಜಪಾನಿ ಅಕ್ಷರವನ್ನು ಒಯ್ಯಲು ಬ್ರೌಸರಿಗೆ ಬರುತ್ತಿರಲಿಲ್ಲ, ಏಕೆಂದರೆ ಅಂಥ ಕೀ ಕೀಬೋರ್ಡಿನಲ್ಲೇ ಇಲ್ಲ.

ಎರಡನೆಯ ದಿನ ಬದಿಯ ಪಟ್ಟಿಯಲ್ಲಿ ತಡಕಾಡುವಾಗ ‘ಪಠ್ಯ ನಮೂದು’ ಎಂಬ ಆಯ್ಕೆ ಕಂಡಿತು. ಅದನ್ನು ಒತ್ತಿದರೆ ಪರದೆಯ ಕೆಳಗೆ ತೆಳ್ಳನೆಯ ಪಟ್ಟಿಯೊಂದು ಬರುತ್ತದೆ. ಅಲ್ಲಿ ಬರೆದು ಮುಗಿಸಿದ ಅಕ್ಷರವನ್ನು ಅದು ಇಡಿಯಾಗಿ ದಾಟಿಸುತ್ತದೆ. ನಾನು ಚಿತ್ರದ ಅಕ್ಷರಗಳನ್ನು ನಿಧಾನವಾಗಿ ದಾಟಿಸಿದೆ, ಸರಿಯಾಗಿ ಹೋದವು. ಆದರೆ ಅವರಿಬ್ಬರ ವೇಗಕ್ಕೆ ಅದು ತಾಳಲಿಲ್ಲ. ಐದು ಅಕ್ಷರ ಬರೆದರೆ ಮೂರು ತಲುಪುತ್ತಿದ್ದವು, ಅದೂ ಹಿಂದುಮುಂದಾಗಿ.

ದಾರಿ ಕಂಡುಹಿಡಿದವಳು ನೆಲೋಗಿಯ ಹುಡುಗಿ. ಕಟಾಕಾನಾಕ್ಕೆ ಎರಡು ಮೈಕಟ್ಟು ಇದೆ. ಒಂದು ಅಗಲವಾದದ್ದು, ಇನ್ನೊಂದು ಅದರ ಅರ್ಧ ಅಗಲದ ಸಪೂರ ಅಕ್ಷರ. ಯಾವುದೋ ಕೀ ತಾಕಿ ಅವಳ ಅಕ್ಷರ ಸಪೂರವಾದವು. ಸಪೂರವಾದದ್ದೇ ತಡ, ಎಷ್ಟು ಜೋರಾಗಿ ಒತ್ತಿದರೂ ಸಾಲಾಗಿ ದಾಟತೊಡಗಿದವು.

“ನೋಡ್ರಿ ಅಕ್ಕಾ, ಹೆಂಗ ಓಡಾಕತ್ತಾವ!” ಎಂದು ಕುರ್ಚಿಯಲ್ಲೇ ಕುಣಿದಳು.

ನಾನು ಪರದೆ ನೋಡಿದೆ. ಕಣ್ಣಿಗೆ ಎಲ್ಲ ಸರಿ ಇತ್ತು. ಓದಲು ಬರುತ್ತಿತ್ತು, ಖಾನೆ ಒಪ್ಪಿಕೊಂಡಿತ್ತು. ಯಾಕೆ ಅವು ಮಾತ್ರ ದಾಟುತ್ತವೆ ಎಂಬ ಪ್ರಶ್ನೆ ಮನಸ್ಸಿಗೆ ಬಂತು. ಕೆಲಸ ನಡೆಯುತ್ತಿದೆಯಲ್ಲ ಎಂದು ಅದನ್ನು ಬದಿಗಿಟ್ಟೆ. ನಾನು ಮಾಡಿದ ತಪ್ಪು ಅದೇ. ಎರಡು ವಾರ ನಾವು ಸಪೂರ ಅಕ್ಷರಗಳಲ್ಲೇ ಹೆಸರುಗಳನ್ನು ತುಂಬಿದೆವು.

ಆ ಕಡೆ ನಮ್ಮ ಜೊತೆ ವ್ಯವಹರಿಸುತ್ತಿದ್ದವರು ಒಬ್ಬ ಹಿರಿಯರು. ಅಲ್ಲಿಯ ಗ್ರಂಥಾಲಯದಿಂದ ನಿವೃತ್ತರಾಗಿ ಈ ಫೋಟೊಗಳ ಕೆಲಸಕ್ಕೆ ನಿಂತವರು. ಸುಲಭವಾದ ಜಪಾನಿಯಲ್ಲಿ ಪುಟ್ಟಪುಟ್ಟ ಸಂದೇಶ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ಅವರಿಂದ ಬಂದದ್ದು ಹೀಗಿತ್ತು: ‘ತಾನಾಕಾ ಮನೆಯವರಿಗೆ ಫೋಟೊ ಸಿಕ್ಕಿತು. ಸಾತೋ ಮನೆಯವರಿಗೂ ಸಿಕ್ಕಿತು. ವಾತಾನಾಬೆ ಎಂದು ಹುಡುಕಿದವರು ಮಾತ್ರ ಎಲ್ಲರೂ ಬರಿಗೈಯಲ್ಲಿ ಹೋಗುತ್ತಿದ್ದಾರೆ. ವಾತಾನಾಬೆ ಎಂಬ ಫೋಟೊಗಳನ್ನು ನಾನೇ ಕೈಯಾರೆ ತೊಳೆದಿದ್ದೇನೆ. ನಿಮಗೇನಾದರೂ ಹೊಳೆಯುತ್ತದೆಯೆ?’

ನಾನು ಆ ದಾಖಲೆ ತೆರೆದು ನೋಡಿದೆ. ವಾತಾನಾಬೆ ಅಂತ ಸ್ಪಷ್ಟವಾಗಿ ಬರೆದಿತ್ತು. ಹುಡುಕಾಟದ ಖಾನೆಯಲ್ಲಿ, ಅಲ್ಲಿಯವರು ಬರೆಯುವಂತೆ ಅಗಲದ ಅಕ್ಷರಗಳಲ್ಲಿ, ಅದನ್ನೇ ಹಾಕಿದೆ. ಇಲ್ಲ ಎಂದಿತು.

ಅವತ್ತು ಹೊಸ ಫೋಟೊ ಮುಟ್ಟಲಿಲ್ಲ. ಗೋಡೆಯ ಬಿಳಿ ಹಲಗೆಯ ಮೇಲೆ ಗೆರೆ ಎಳೆದು, ಹುಡುಕಿದರೆ ಸಿಗುವ ಹೆಸರು ಎಡಕ್ಕೆ, ಸಿಗದ ಹೆಸರು ಬಲಕ್ಕೆ, ಕಟಾಕಾನಾದಲ್ಲೇ ಬರೆಯುತ್ತ ಹೋದೆವು. ತಾನಾಕಾ ಎಡಕ್ಕೆ, ಸುಜುಕಿ ಬಲಕ್ಕೆ. ಕಿಮುರಾ ಎಡಕ್ಕೆ, ಯಾಮಾದಾ ಬಲಕ್ಕೆ. ಉದ್ದದ ಹೆಸರು ಸಿಗುವುದಿಲ್ಲವೇನೋ ಎಂದು ಮೊದಲು ಅನುಮಾನಿಸಿದೆ. ಉದ್ದದ ಮಾತ್ಸುಮೋತೋ ಸಿಕ್ಕಿತು, ಗಿಡ್ಡದ ಹಾಗಾ ಸಿಗಲಿಲ್ಲ. ಒಬ್ಬರದೇ ಟೈಪಿಂಗ್ ತಪ್ಪೇ ಎಂದು ನೋಡಿದರೆ ಎರಡೂ ಕಡೆ ಇಬ್ಬರ ಕೆಲಸವೂ ಇತ್ತು.

ಆಳಂದದ ಅಕ್ಕ ತಮ್ಮ ಕನ್ನಡಕ ಒರೆಸಿಕೊಂಡು ಹಲಗೆಯ ಹತ್ತಿರ ಹೋಗಿ ನಿಂತರು. ಅವರಿಗೆ ಜಪಾನಿ ಭಾಷೆ ಬರುವುದಿಲ್ಲ, ಅಕ್ಷರದ ಆಕಾರ, ಉಚ್ಚಾರವಷ್ಟೇ ಗೊತ್ತು. ಬೆರಳಿನಿಂದ ಬಲಗಡೆಯ ಹೆಸರುಗಳನ್ನು ಒಂದೊಂದಾಗಿ ತೋರಿಸುತ್ತ ಹೋದರು.

“ತಂಗಿ, ಇಲ್ಲಿ ನೋಡು. ತಲಿ ಮ್ಯಾಲೆ ಎರಡು ಗೀಟು ಇದ್ದದ್ದು ಒಂದೂ ಸಿಗವಲ್ದು. ಗೀಟು ಇಲ್ಲದವು ಎಲ್ಲಾ ಸಿಗಾಕತ್ತಾವ.”

ಕಟಾಕಾನಾದಲ್ಲಿ ‘ಕ’ ಅಕ್ಷರದ ತಲೆಯ ಪಕ್ಕ ಎರಡು ಪುಟ್ಟ ಗೀಟು ಹಾಕಿದರೆ ಅದು ‘ಗ’ ಆಗುತ್ತದೆ. カ ಇದ್ದದ್ದು ガ. ಹಾಗೆಯೇ ಸ-ಕಾರ ಜ ಆಗುತ್ತದೆ, ತ-ಕಾರ ದ ಆಗುತ್ತದೆ, ಹ-ಕಾರ ಬ ಆಗುತ್ತದೆ. ವಾತಾನಾಬೆಯ ‘ಬೆ’, ಸುಜುಕಿಯ ‘ಜು’, ಯಾಮಾದಾದ ‘ದಾ’, ಎಲ್ಲದಕ್ಕೂ ಗೀಟು ಇತ್ತು. ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

“ಖರೇ ಅದರಿ. ಆದ್ರ ಗೀಟು ನಾವು ಹಾಕೇವಲ್ರಿ?” ಹುಡುಗಿ ಕೇಳಿದಳು. “ಕಣ್ಣಿಗಿ ಕಾಣಾಕತ್ತದ.”

ನಾನು ಖಾನೆಯಲ್ಲಿ ಸಪೂರದ ‘ಗಾ’ ಒಂದನ್ನು ಹಾಕಿ ಹಿಂದಕ್ಕೆ ಅಳಿಸುವ ಕೀ ಒಮ್ಮೆ ಒತ್ತಿದೆ. ಗೀಟು ಎರಡೂ ಹೋದವು. ‘ಕಾ’ ಹಾಗೆಯೇ ಉಳಿಯಿತು. ಇನ್ನೊಮ್ಮೆ ಒತ್ತಿದ ಮೇಲೆ ಅದೂ ಹೋಯಿತು. ಆಮೇಲೆ ಕೆಳಗಿನ ಪಟ್ಟಿಯಿಂದ ಅಗಲದ ‘ಗಾ’ ಒಂದನ್ನು ದಾಟಿಸಿ ಅಳಿಸಿದೆ. ಒಂದೇ ಒತ್ತಿಗೆ ಪೂರ್ತಿ ಮಾಯ.

ಅಂದರೆ ಅಗಲದ ಅಕ್ಷರದಲ್ಲಿ ಗೀಟು ಅಕ್ಷರದ್ದೇ ಅಂಗ. ಸಪೂರದಲ್ಲಿ ಗೀಟು ಬೇರೆಯೇ ಒಂದು ಅಕ್ಷರ, ಪಕ್ಕದಲ್ಲಿ ಬಂದು ನಿಂತಿರುತ್ತದೆ ಅಷ್ಟೆ. ಹುಡುಕುವ ಯಂತ್ರ ಅಗಲ-ಸಪೂರದ ಭೇದ ಎಣಿಸುತ್ತಿರಲಿಲ್ಲ. ಒಂದು ಅಕ್ಷರದ ಎದುರು ಎರಡು ಅಕ್ಷರ ಬಂದರೆ ಮಾತ್ರ ಎರಡೂ ಒಂದೇ ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ನಮ್ಮ ಮೂವರಲ್ಲಿ ಒಬ್ಬರಿಗೂ ಇದು ಇಷ್ಟು ದಿನ ವಿಚಿತ್ರ ಅನ್ನಿಸಿರಲಿಲ್ಲ. ಯಾಕೆಂದರೆ ಕನ್ನಡದಲ್ಲಿ ‘ಗೀ’ ಬರೆದು ಅಳಿಸಿದರೆ ಮೊದಲು ಗುಣಿತದ ಗುರುತು ಹೋಗಿ ‘ಗ’ ಉಳಿಯುತ್ತದೆ. ಅಕ್ಷರ ತುಂಡುತುಂಡಾಗಿ ಅಳಿಯುವುದು ನಮಗೆ ದಿನನಿತ್ಯದ ಮಾತು.

ಗುಟ್ಟು ತಿಳಿದ ಖುಷಿ ಸ್ವಲ್ಪ ಹೊತ್ತು ಇತ್ತು. ಆಮೇಲೆ ಹಿಂದಿನ ಎರಡು ವಾರದ ದಾಖಲೆಗಳನ್ನು ಫೋಟೊಗಳೊಂದಿಗೆ ಹೋಲಿಸಿ ನೋಡಿದೆ. ಇನ್ನೊಂದು ಆಘಾತ ಕಾದಿತ್ತು. ಗೀಟು ಬೇರೆ ಅಕ್ಷರವಾಗಿ ಪ್ರಯಾಣ ಮಾಡುತ್ತಿದ್ದರಿಂದ ಕೆಲವು ಕಡೆ ದಾರಿಯಲ್ಲೇ ಉದುರಿಹೋಗಿತ್ತು. ‘ತಾಬಾತಾ’ ಎಂಬ ಹೆಸರು ‘ತಾಹಾತಾ’ ಆಗಿ ಕೂತಿತ್ತು. ಬೇರೆಬೇರೆ ಇದ್ದ ಗೀಟುಗಳನ್ನು ಯಂತ್ರದಿಂದ ಒಂದು ನಿಮಿಷದಲ್ಲಿ ಕೂಡಿಸಬಹುದು. ಉದುರಿಹೋದ ಗೀಟು ಎಲ್ಲಿತ್ತೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಪ್ರತಿ ಫೋಟೊದ ಬೆನ್ನನ್ನೂ ಮತ್ತೆ ಕಣ್ಣಿಟ್ಟು ನೋಡುವುದೇ ದಾರಿ.

ಆಫೀಸಿನ ಮಾಲಕರಿಗೆ ಹೇಳಿದೆ, ಕೆಳಗಿನ ಬೀಜದ ಅಂಗಡಿಯೂ ಅವರದೇ. ಅವರು ಕೆಟ್ಟವರಲ್ಲ, ಹೆದರಿದರು.

“ಕೂಡಿಸೋದು ಯಂತ್ರದಿಂದ ಆಗ್ತದಲ್ರಿ, ಅಷ್ಟು ಹೇಳ್ರಿ ಸಾಕು. ಉದುರಿದ್ದು ಎಲ್ಲಾ ಬಾಯಿಬಿಟ್ಟು ಹೇಳಿದ್ರ ಇವರಿಗೆ ಕೆಲಸ ಬರಂಗಿಲ್ಲ ಅಂತ ತಗೊಂಡು ಬ್ಯಾರೆದವರಿಗೆ ಕೊಡ್ತಾರ. ಅವರಿಗೇನು ಗೊತ್ತಾಗ್ತದ?”

“ಗೊತ್ತಾಗಂಗಿಲ್ರಿ,” ಎಂದೆ. ಅದು ನಿಜವೇ ಆಗಿತ್ತು. ತಾಬಾತಾ ಮನೆಯವರು ಬಂದು ಹುಡುಕಿ, ಸಿಗದೆ, ತಮ್ಮ ಫೋಟೊ ನೀರಿನ ಪಾಲಾಯಿತೆಂದು ತಿಳಿದು ಹೋಗಿಬಿಡುತ್ತಿದ್ದರು. ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

“ನಾಳಿ ತನಕ ವಿಚಾರ ಮಾಡ್ರಿ ಮೇಡಂ,” ಎಂದು ಅವರು ಕೆಳಗಿಳಿದು ಹೋದರು.

ಅದೇ ಮಧ್ಯಾಹ್ನ ಮಣ್ಣೂರದಿಂದ ಅವ್ವನ ಫೋನ್ ಬಂತು. ನಮ್ಮೂರ ಪಕ್ಕದ ಭೀಮಾ ನದಿಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. “ಅಂಜಬ್ಯಾಡ, ನೀರು ಇನ್ನಾ ಕೆಳಗೇ ಅದ. ಕಾಗದಪತ್ರ ಎಲ್ಲಾ ಮಾಳಿಗಿಗಿ ಸಾಗಿಸೀವಿ,” ಎಂದಳು. ಹಿಂದೊಂದು ಸಲ ನೀರು ಮನೆಯೊಳಗೇ ಬಂದಾಗ ನಾವು ಪಹಣಿ, ರೇಷನ್ ಕಾರ್ಡು, ಜೋಳದ ಚೀಲ ಎತ್ತಿದ್ದೆವು. ಫೋಟೊಗಳ ಡಬ್ಬಿ ಯಾರಿಗೂ ನೆನಪಾಗಿರಲಿಲ್ಲ. ನೀರು ಇಳಿದ ಮೇಲೆ ಅವು ಇಟ್ಟಿಗೆಯ ಹಾಗೆ ಅಂಟಿಕೊಂಡಿದ್ದವು. ಅಪ್ಪನ ಫೋಟೊ ಬಿಡಿಸಲು ಹೋದಾಗ ಮುಖ ಇನ್ನೊಂದು ಫೋಟೊಕ್ಕೆ ಅಂಟಿಕೊಂಡು ಕಿತ್ತುಬಂತು. ಬೆನ್ನ ಮೇಲಿನ ಬರಹ ಮಾತ್ರ ಉಳಿಯಿತು. ಅವ್ವ ಆ ಖಾಲಿ ಕಾಗದವನ್ನೂ ಎಸೆದಿಲ್ಲ.

ಫೋನಿಟ್ಟು ನಾನು ಹಿರಿಯರಿಗೆ ಬರೆದೆ. ಏನಾಯಿತು, ಹೇಗೆ ಗೊತ್ತಾಯಿತು, ಎಷ್ಟು ಫೋಟೊಗಳನ್ನು ಮತ್ತೆ ನೋಡಬೇಕು, ತಪ್ಪು ಯಾವ ದಿನ ನನ್ನ ಕಣ್ಣೆದುರಿಗೇ ಹಾದುಹೋಯಿತು, ಎಲ್ಲವನ್ನೂ ಬರೆದೆ. ಕಳಿಸಿದ ಮೇಲೆ ಕೆಳಗಿಳಿದು ಮಾಲಕರಿಗೆ, “ಬರದು ಕಳಿಸಿದೆರಿ” ಎಂದೆ. ಅವರು ಕೈಯಲ್ಲಿದ್ದ ತೊಗರಿ ಬೀಜದ ಪಾಕೀಟನ್ನು ಮೇಜಿನ ಮೇಲಿಟ್ಟು, “ಕಳಿಸಿದ್ರೇನು? ಆಯ್ತು ಬಿಡ್ರಿ,” ಎಂದಷ್ಟೇ ಹೇಳಿದರು. ಎರಡು ದಿನ ಮೇಲೆ ಹತ್ತಿ ಬರಲಿಲ್ಲ.

ಉತ್ತರ ಮರುದಿನ ಬಂತು. ‘ನಾನೂ ದಿನಾ ಆ ಸಪೂರ ಅಕ್ಷರಗಳನ್ನು ನೋಡಿದ್ದೇನೆ, ನನಗೂ ಹೊಳೆಯಲಿಲ್ಲ. ಮೊದಲಿನಿಂದ ನೋಡೋಣ. ಆದರೆ ಈ ಸಲ ಬೇರೆ ರೀತಿಯಲ್ಲಿ ಬರೆಯಲು ಆದೀತೆ?’

ಬೇರೆ ರೀತಿ ಏನೆಂಬುದನ್ನು ನಾನು ಅಷ್ಟರಲ್ಲಿ ಯೋಚಿಸಿಯಾಗಿತ್ತು. ಇಷ್ಟು ದಿನ ಅಕ್ಷರವನ್ನು ಇಲ್ಲಿ ತಯಾರಿಸಿ ಅಲ್ಲಿಗೆ ಸಾಗಿಸಲು ಹೆಣಗಿದ್ದೆವು. ಬ್ರೌಸರಿಗೆ ಬರುವುದು ಕೀಗಳ ಸುದ್ದಿ ಒಯ್ಯುವ ಕೆಲಸ ಮಾತ್ರ. ಹಾಗಿದ್ದರೆ ಬರೀ ಕೀ ಕಳಿಸೋಣ, ಅಕ್ಷರ ಅಲ್ಲಿಯೇ ತಯಾರಾಗಲಿ. ಆ ಕಡೆಯ ಕಂಪ್ಯೂಟರಿನಲ್ಲಿ ಪರಿವರ್ತಕ ಇದ್ದೇ ಇತ್ತು. ನಮ್ಮ ಮೂರೂ ಕಂಪ್ಯೂಟರಿನಿಂದ ನಮ್ಮ ಪರಿವರ್ತಕವನ್ನು ತೆಗೆದುಹಾಕಿದೆ.

ಅಲ್ಲಿ ಇನ್ನೊಂದು ಗಂಟು. ಆ ಪರಿವರ್ತಕವನ್ನು ಎಬ್ಬಿಸುವ ಕೀ ಜಪಾನಿ ಕೀಬೋರ್ಡಿನಲ್ಲಿ ಮಾತ್ರ ಇರುತ್ತದೆ, ನಮ್ಮದರಲ್ಲಿಲ್ಲ. ಅದಕ್ಕೆ ಬದಲಿಯಾಗಿ ಎರಡು ಕೀ ಒಟ್ಟಿಗೆ ಒತ್ತುವ ಉಪಾಯ ಇತ್ತು. ಒತ್ತಿದರೆ ನಮ್ಮ ಕಂಪ್ಯೂಟರೇ ನಡುವೆ ಬಾಯಿ ಹಾಕಿ ಕಿಟಕಿ ಬದಲಿಸಿಬಿಡುತ್ತಿತ್ತು. ಹಿರಿಯರನ್ನು ಕೇಳಿಕೊಂಡೆ: ಆ ಕಡೆಯ ಪರಿವರ್ತಕದ ಸೆಟ್ಟಿಂಗಿನಲ್ಲಿ, ಕಂಟ್ರೋಲ್ ಮತ್ತು ಸ್ಪೇಸ್ ಕೂಡಿ ಒತ್ತಿದರೆ ಅದು ಏಳಲಿ ಎಂದು ಗೊತ್ತುಮಾಡಿ. ಅವರು ಮೊಮ್ಮಗಳನ್ನು ಕೂರಿಸಿಕೊಂಡು ಮಾಡಿಸಿದರಂತೆ. ನಾನು ಒತ್ತಿದೆ. ಪರದೆಯ ಬಲತುದಿಯಲ್ಲಿ ‘A’ ಇದ್ದದ್ದು ಜಪಾನಿಯ ‘ಆ’ ಆಯಿತು.

“ಎದ್ದಿತು ನೋಡ್ರಿ!” ಹುಡುಗಿ ಚಪ್ಪಾಳೆ ತಟ್ಟಿದಳು.

ಎದ್ದ ಮೇಲೂ ಅದು ನಮ್ಮನ್ನು ಸುಮ್ಮನೆ ಬಿಡಲಿಲ್ಲ. ನೆಟ್‌ವರ್ಕ್ ನಿಧಾನವಾದಾಗ ‘ಕೀ ಬಿಟ್ಟರು’ ಎಂಬ ಸುದ್ದಿ ತಡವಾಗಿ ತಲುಪುತ್ತಿತ್ತು. ಇನ್ನೂ ಒತ್ತಿಕೊಂಡೇ ಇದ್ದಾರೆಂದು ತಿಳಿದು ಆ ಕಂಪ್ಯೂಟರ್ ಒಂದು ‘ಸಾ’ ಜಾಗದಲ್ಲಿ ಐದು ‘ಸಾ’ ಬರೆಯುತ್ತಿತ್ತು. ಒತ್ತಿ ಹಿಡಿದರೆ ಅಕ್ಷರ ಮರುಕಳಿಸುವ ಸೌಲಭ್ಯವನ್ನೇ ಅಲ್ಲಿ ಆರಿಸಲು ಹೇಳಿದೆ. ಆ ಕಾಟ ನಿಂತಿತು. ಉಳಿದದ್ದು ತಡ. ಒತ್ತಿದ ಅಕ್ಷರ ಅರ್ಧ ಸೆಕೆಂಡು ಬಿಟ್ಟು ಕಾಣುತ್ತಿತ್ತು. ಹುಡುಗಿಗೆ ಇದು ತಡೆಯಲಾಗದು, ಬರಲಿಲ್ಲವೆಂದು ಮತ್ತೆ ಒತ್ತುತ್ತಿದ್ದಳು, ಎರಡೂ ಬಂದು ಕೂರುತ್ತಿದ್ದವು.

ಆಳಂದದ ಅಕ್ಕನಿಗೆ ಅದು ತೊಂದರೆಯೇ ಆಗಲಿಲ್ಲ. ಅವರು ಪರದೆ ನೋಡುತ್ತಲೇ ಇರಲಿಲ್ಲ.

“ಕೋರ್ಟಿನ ಮುಂದ ಕಾಗದ ನೋಡ್ಕೋತ ಬಡಿತಿದ್ದೆ. ಮಶೀನ್ ಕಡೆ ನೋಡಿದ್ರ ಸಾಲು ತಪ್ತಿತ್ತು. ನೀನೂ ಫೋಟೊ ನೋಡು, ಕೈ ತನ್ನ ಕೆಲಸ ಮಾಡ್ತದ. ಹೆಸರು ಮುಗದ ಮ್ಯಾಲೆ ಒಮ್ಮೆ ತಲಿ ಎತ್ತು,” ಎಂದು ಹುಡುಗಿಗೆ ಕಲಿಸಿದರು.

ಹೀಗೆ ಮೊದಲ ಫೋಟೊದಿಂದ ಶುರುಮಾಡಿದೆವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು, ನಾನು ಫೋಟೊ ನೋಡಿ ಮತ್ತೆ ಓದಿದ್ದರ ಜೊತೆ ಹೋಲಿಸಿ ಗೀಟು ಎಣಿಸಬೇಕು, ಆಮೇಲೇ ಉಳಿಸಬೇಕು. ವೇಗ ಅರ್ಧಕ್ಕಿಳಿಯಿತು. ಮೂರನೆಯ ದಿನ ಮಾಲಕರು ಮೇಲೆ ಬಂದು, ಬಿಳಿ ಹಲಗೆಯನ್ನು ಸ್ವಲ್ಪ ಹೊತ್ತು ನೋಡಿ, “ಈ ಗೀಟು ಅಂದ್ರ ಇದೇ ಏನ್ರಿ?” ಎಂದು ಕೇಳಿ ತಿಳಿದುಕೊಂಡರು. ಕೆಲಸ ನಮ್ಮ ಕೈಯಿಂದ ಹೋಗಲಿಲ್ಲ. ವಾತಾನಾಬೆಯವರು ಒಬ್ಬೊಬ್ಬರಾಗಿ ಬಂದು ಒಯ್ಯುತ್ತಿದ್ದಾರೆಂದು ಹಿರಿಯರು ಬರೆದರು.

ಮರುಪರಿಶೀಲನೆ ಮುಗಿಯಲು ಬಂದ ಒಂದು ಬೆಳಿಗ್ಗೆ ಅವರ ಸಂದೇಶ ಪರದೆಯ ಮೇಲೆ ಬಂತು. ಸಭಾಂಗಣದ ಉಳಿದ ಕಂಪ್ಯೂಟರುಗಳ ಮುಂದೆ ಜನ ಇದ್ದಾರೆ, ಒಬ್ಬ ಅಜ್ಜಿ ಬಂದಿದ್ದಾರೆ, ನೀವು ಬಳಸುತ್ತಿರುವ ಇದೇ ಯಂತ್ರದಲ್ಲಿ ಅವರು ಹುಡುಕಲಿ, ನೀವು ಕಾಣುತ್ತಿರುತ್ತೀರೆಂದು ಅವರಿಗೆ ಹೇಳಿದ್ದೇನೆ, ಬೇಡವೆನ್ನಲಿಲ್ಲ ಎಂದಿತ್ತು. ನಾನು ಮೌಸಿನಿಂದ ಕೈ ತೆಗೆದೆ. ಅವರಿಬ್ಬರೂ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು.

ನಮ್ಮ ಪರದೆಯ ಮೇಲೆ ಬಾಣದ ಗುರುತು ತಾನೇ ಚಲಿಸಿತು. ಹುಡುಕುವ ಖಾನೆಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುತ್ತಿದ್ದರೆಂದು ತೋರುತ್ತದೆ, ಅಷ್ಟು ನಿಧಾನ. ನಾ. ಕಾ. ಆಮೇಲೆ ‘ಗಾ’, ಎರಡು ಗೀಟಿನ ಸಮೇತ. ವಾ. ನಾಕಾಗಾವಾ. ಕೆಳಗೆ ಏಳೆಂಟು ಫೋಟೊಗಳ ಸಾಲು ತೆರೆಯಿತು. ಬಾಣ ಒಂದೊಂದರ ಮೇಲೂ ನಿಂತು ಮುಂದೆ ಹೋಯಿತು. ಐದನೆಯದರ ಮೇಲೆ ನಿಂತದ್ದು ಮುಂದೆ ಹೋಗಲಿಲ್ಲ.

ಅಂಗಳದಲ್ಲಿ ಇಬ್ಬರು ಹುಡುಗಿಯರು ನಿಂತ ಫೋಟೊ. ಅಂಚೆಲ್ಲ ನೀರು ತಿಂದಿತ್ತು. ಬೆನ್ನಿಗಿದ್ದ ಹೆಸರನ್ನು ಓದಿದವಳು ನಾನು. ಎರಡು ಚಿತ್ರಾಕ್ಷರದ, ಬಹಳ ಸಾಮಾನ್ಯವಾದ ಹೆಸರು. ‘ಸಾಚಿಕೊ’ ಎಂದು ಓದಿ ಹೇಳಿದ್ದೆ, ಅಕ್ಕ ಬರೆದಿದ್ದರು, ಹುಡುಗಿ ತಾಳೆ ನೋಡಿದ್ದಳು.

ಬಹಳ ಹೊತ್ತು ಏನೂ ಅಲುಗಾಡಲಿಲ್ಲ. ಸಂಪರ್ಕ ಕಡಿದುಹೋಯಿತೇ ಎಂದು ಹುಡುಗಿ ಸನ್ನೆಯಲ್ಲೇ ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಹಿರಿಯರೇ ಇರಬೇಕು, ಆ ದಾಖಲೆಯನ್ನು ತಿದ್ದಲು ತೆರೆದು ಅಜ್ಜಿಗೆ ಬಿಟ್ಟುಕೊಟ್ಟರು. ಬಾಣ ಉಚ್ಚಾರದ ಖಾನೆಗೆ ಬಂತು. ನಮ್ಮ ಕೊ ಹೋಯಿತು. ಚಿ ಹೋಯಿತು. ಸಾ ಹೋಯಿತು. ಒಂದೊಂದೂ ಒಂದೇ ಒತ್ತಿಗೆ. ಖಾಲಿಯಾದ ಜಾಗದಲ್ಲಿ ಹೊಸ ಅಕ್ಷರಗಳು ಬಂದವು: ಯು. ಕಿ. ಕೊ.

ಅದೇ ಎರಡು ಚಿತ್ರಗಳನ್ನು ಯುಕಿಕೊ ಎಂದೂ ಓದುತ್ತಾರೆ. ನನಗದು ಗೊತ್ತಿತ್ತು. ಈ ಹುಡುಗಿಯನ್ನು ಮನೆಯಲ್ಲಿ ಏನೆಂದು ಕೂಗುತ್ತಿದ್ದರೆಂದು ಮಾತ್ರ ಗೊತ್ತಿರಲಿಲ್ಲ. ಆ ಹೆಸರು ಅಜ್ಜಿಯದೋ, ಪಕ್ಕದಲ್ಲಿ ನಿಂತವಳದೋ, ಅದನ್ನು ನಾವು ಕೇಳಲಿಲ್ಲ.

“ನಾ ಮತ್ತ ತಪ್ಪು ಬರದಿದ್ನೇನು?” ಆಳಂದದ ಅಕ್ಕ ಮೆಲ್ಲಗೆ ಕೇಳಿದರು.

“ತಪ್ಪಲ್ಲರಿ ಅಕ್ಕಾರ. ನಾ ಹಂಗ ಓದಿದ್ದೆ. ಅವರ ಮನ್ಯಾಗ ಹಿಂಗ ಕರೀತಿದ್ರು.”

ಬಾಣ ‘ಉಳಿಸು’ ಎಂಬ ಗುಂಡಿಯನ್ನು ಹುಡುಕುತ್ತ ಪರದೆಯ ತುಂಬ ಓಡಾಡಿತು. ಗುಂಡಿ ಬಲಗಡೆ ಕೆಳಗೆ ಇತ್ತು. ನನ್ನ ಕೈ ಮೌಸಿನ ಹತ್ತಿರವೇ ಇತ್ತು, ನಾನು ಮುಟ್ಟಲಿಲ್ಲ. ಎಡಕ್ಕೆ ಹೋಗಿ, ಮೇಲಕ್ಕೆ ಹೋಗಿ, ಕೊನೆಗೆ ಬಾಣ ತಾನೇ ಅಲ್ಲಿಗೆ ಬಂದು ತಲುಪಿತು, ಒತ್ತಿತು.